ಊರಿನ ಚಹರೆ ಮತ್ತು ಬೀದಿಬದಿಯ ಫಲಕ: ಬೆಂಗಳೂರಿನ ಬಯಲ ಬರಹಗಳ ಒಂದು ಜಾನಪದೀಯ ಅವಲೋಕನ

ಪೀಠಿಕೆ

ನಗರಗಳ ಚರಿತ್ರೆಯನ್ನು ಬರೆದವರು ಕೋಟೆ, ಅರಮನೆ, ಕೆರೆ, ದೇವಾಲಯ, ಮಾರುಕಟ್ಟೆಗಳಿಗೆ ನೀಡಿದಷ್ಟು ಗಮನವನ್ನು ಬೀದಿಯ ಬರಹಗಳಿಗೆ ನೀಡಿಲ್ಲ. ಅಂಗಡಿಯ ಬಾಗಿಲ ಮೇಲಿನ ಹೆಸರು, ಚಿತ್ರಮಂದಿರದ ಎದುರಿನ ಕಟೌಟ್, ವೃತ್ತದಲ್ಲಿ ಕಬ್ಬಿಣದ ಕಂಬಗಳ ಮೇಲೆ ನಿಂತ ಹೋರ್ಡಿಂಗ್, ಗಲ್ಲಿಯ ತಿರುವಿನಲ್ಲಿ ಕಟ್ಟಿದ ಶ್ರದ್ಧಾಂಜಲಿಯ ಫ್ಲೆಕ್ಸ್ ಇವೆಲ್ಲ ದಿನನಿತ್ಯ ಕಣ್ಣಿಗೆ ಬೀಳುವಂಥವಾದ್ದರಿಂದಲೇ ಅಧ್ಯಯನದ ವಸ್ತುವಾಗದೆ ಉಳಿದಿವೆ. ಆದರೆ ಊರಿಗೆ ಹೊಸದಾಗಿ ಬಂದ ವ್ಯಕ್ತಿ ಆ ಊರನ್ನು ಮೊದಲು ಓದುವುದು ಈ ಬರಹಗಳ ಮೂಲಕವೇ. ತಾನು ಎಲ್ಲಿದ್ದೇನೆ, ಇಲ್ಲಿ ಯಾರು ಬದುಕುತ್ತಿದ್ದಾರೆ, ಇಲ್ಲಿಯ ಮಾತು ಯಾವುದು, ಇಲ್ಲಿ ಯಾರಿಗೆ ಮನ್ನಣೆ ಎಂಬುದನ್ನು ಅವು ತಿಳಿಸುತ್ತವೆ.

ಬೀದಿಬದಿಯ ಜಾಹೀರಾತು ಫಲಕಗಳಿಂದ ನಗರದ ಚಹರೆಗೆ ಮೆರುಗು ಬರುತ್ತದೆಯೇ ಅಥವಾ ಕುಂದುಂಟಾಗುತ್ತದೆಯೇ ಎಂಬ ಪ್ರಶ್ನೆ ಬೆಂಗಳೂರಿನಲ್ಲಿ 2018ರಿಂದ ಈಚೆಗೆ ತೀವ್ರವಾಗಿ ಚರ್ಚೆಯಾಗುತ್ತಿದೆ. ಪರವಾಗಿರುವವರು ವ್ಯಾಪಾರ, ಉದ್ಯೋಗ, ಪಾಲಿಕೆಯ ವರಮಾನ ಮತ್ತು ನಗರದ ರಂಗನ್ನು ಮುಂದಿಡುತ್ತಾರೆ. ವಿರೋಧಿಸುವವರು ಅಪಘಾತ, ಮರಗಳ ನಾಶ ಮತ್ತು ಕಣ್ಣಿಗಾಗುವ ಹಿಂಸೆಯನ್ನು ಮುಂದಿಡುತ್ತಾರೆ. ಎರಡೂ ಪಕ್ಷಗಳು ಫಲಕವನ್ನು ಆಧುನಿಕ ವಾಣಿಜ್ಯದ ಕೊಡುಗೆ ಎಂದೇ ಭಾವಿಸಿವೆ. ಜಾನಪದದ ದೃಷ್ಟಿಯಿಂದ ನೋಡಿದಾಗ ಈ ಗ್ರಹಿಕೆ ಅಪೂರ್ಣವೆನಿಸುತ್ತದೆ. ಬಯಲಿನಲ್ಲಿ ನಿಂತು ದಾರಿಹೋಕರನ್ನು ಉದ್ದೇಶಿಸಿ ಮಾತನಾಡುವ ಪದ್ಧತಿ ಈ ನಾಡಿನಲ್ಲಿ ಬಹಳ ಹಿಂದಿನದು. ಆ ಪದ್ಧತಿಗೆ ಅದರದೇ ಆದ ಕಟ್ಟುಪಾಡುಗಳೂ ಇದ್ದವು. ಅವುಗಳಲ್ಲಿ ಮೂರು ಮುಖ್ಯವಾದವು: ಬರಹ ನಿಂತ ಸ್ಥಳಕ್ಕೂ ಅದು ಹೇಳುವ ವಿಷಯಕ್ಕೂ ಇರುವ ಸಂಬಂಧ, ವಿಷಯದ ತೂಕಕ್ಕೆ ತಕ್ಕ ಅವಧಿ, ಮತ್ತು ಅದನ್ನು ನಿಲ್ಲಿಸಿದವರ ಹೊಣೆ. ಈ ಮೂರನ್ನು ಅಳತೆಗೋಲಾಗಿ ಇರಿಸಿಕೊಂಡು ಬೆಂಗಳೂರಿನ ಬಯಲ ಬರಹಗಳ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಲ್ಲು, ದನಿ ಮತ್ತು ಹೊಸ್ತಿಲು

ಬೆಂಗಳೂರು ಎಂಬ ಹೆಸರು ಮೊದಲು ಕಾಣಿಸುವುದೇ ಒಂದು ಸ್ಮಾರಕ ಬರಹದಲ್ಲಿ ಎಂಬುದು ಇಲ್ಲಿ ಗಮನಾರ್ಹ. ಬೇಗೂರಿನ ನಾಗರೇಶ್ವರ ದೇವಾಲಯದ ಆವರಣದಲ್ಲಿರುವ ಸುಮಾರು ಕ್ರಿ.ಶ. 890ರ ಶಾಸನವು ಬೆಂಗಳೂರಿನ ಕಾಳಗದಲ್ಲಿ ಮಡಿದ ಬುಟ್ಟಣಸೆಟ್ಟಿಯನ್ನು ಸ್ಮರಿಸುತ್ತದೆ. ಒಬ್ಬ ವ್ಯಕ್ತಿಯ ಸಾವನ್ನು ಬಯಲಿನಲ್ಲಿ ಬರೆದು ನಿಲ್ಲಿಸಿದ್ದರಿಂದ ಒಂದು ಊರಿನ ಹೆಸರು ಉಳಿದುಬಂದಿತು.

ಕರ್ನಾಟಕದ ವೀರಗಲ್ಲುಗಳು ಸಾಮಾನ್ಯವಾಗಿ ಊರ ಮುಂದೆ, ಕೆರೆಯ ಏರಿಯ ಮೇಲೆ, ದೇವಾಲಯದ ಅಂಗಳದಲ್ಲಿ, ಹೊಲದ ಬದುವಿನಲ್ಲಿ ನಿಂತಿವೆ. ಬಹುಪಾಲು ಕಲ್ಲುಗಳಲ್ಲಿ ಕೆಳಗಿನ ಪಟ್ಟಿಕೆ ಕಾಳಗವನ್ನು, ನಡುವಿನದು ವೀರನನ್ನು ಅಪ್ಸರೆಯರು ಕರೆದೊಯ್ಯುವುದನ್ನು, ಮೇಲಿನದು ಅವನು ದೇವಸನ್ನಿಧಿಯನ್ನು ಸೇರಿದ್ದನ್ನು ತೋರಿಸುತ್ತವೆ. ಅಕ್ಷರ ಬಾರದವರಿಗೂ ಚಿತ್ರದಿಂದ ವಿಷಯ ತಿಳಿಯುತ್ತಿತ್ತು. ತುರುಗಳನ್ನು ಕಾಯುವುದಕ್ಕಾಗಿ ಸತ್ತವನ ಕಲ್ಲು ಆ ಊರಿನ ನೆಲದಲ್ಲೇ ನಿಲ್ಲುತ್ತಿತ್ತು. ದಾನಶಾಸನಗಳಲ್ಲಿ ಕೊಟ್ಟವನ ಹೆಸರು, ಪಡೆದವನ ಹೆಸರು, ಭೂಮಿಯ ಎಲ್ಲೆ ಇವೆಲ್ಲ ದಾಖಲಾಗುತ್ತಿದ್ದವು. ಎಷ್ಟೋ ಶಾಸನಗಳಲ್ಲಿ ಬರೆದವನ, ಕಂಡರಿಸಿದ ರೂವಾರಿಯ ಹೆಸರೂ ಸಿಗುತ್ತದೆ. ಬರಹವನ್ನು ಅಳಿಸಿದವರಿಗೆ ಶಾಪ, ಕಾಯ್ದವರಿಗೆ ಪುಣ್ಯ ಎಂಬ ಆಶಯದಿಂದ ಶಾಸನ ಮುಗಿಯುತ್ತಿತ್ತು. ಸ್ಥಳ, ಅವಧಿ, ಹೊಣೆ ಮೂರನ್ನೂ ಬರಹವೇ ಹೇಳಿಕೊಳ್ಳುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಎಲ್ಲ ವಿಷಯಕ್ಕೂ ಕಲ್ಲು ಬೇಕಿರಲಿಲ್ಲ. ಸಂತೆ, ಜಾತ್ರೆ, ಕಂದಾಯದ ಗಡುವು, ಊರ ಪಂಚಾಯಿತಿಯ ಕರೆ ಮುಂತಾದವನ್ನು ಡಂಗುರದ ಮೂಲಕ ಸಾರಲಾಗುತ್ತಿತ್ತು. ತಮಟೆ ಬಡಿದು ಸಾರಿದ ಸುದ್ದಿ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಗಾಳಿಯಲ್ಲಿ ಕರಗುತ್ತಿತ್ತು. ಒಂದು ದಿನದ ಸುದ್ದಿಗೆ ಒಂದು ದಿನದ ಮಾಧ್ಯಮ ಸಾಕಾಗುತ್ತಿತ್ತು. ಆದರೆ ಈ ವ್ಯವಸ್ಥೆಯನ್ನು ಆದರ್ಶವೆಂದು ಬಗೆಯಲಾಗದು. ಡಂಗುರ ಸಾರುವ ಕೆಲಸವನ್ನು ದಲಿತ ಸಮುದಾಯಗಳ ಮೇಲೆ ಬಿಟ್ಟಿ ಚಾಕರಿಯಾಗಿ ಹೇರಲಾಗಿತ್ತು. ದನಿ ಅವರದಾಗಿದ್ದರೂ ಮಾತು ಅವರದಾಗಿರಲಿಲ್ಲ. ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಳ್ಳುವ ಅವಕಾಶವೂ ಎಲ್ಲರಿಗೆ ಇರಲಿಲ್ಲ. ಬಯಲಿನಲ್ಲಿ ಬರೆಯುವ ಹಕ್ಕು ಯಾರದು ಎಂಬ ಪ್ರಶ್ನೆ ಅಂದಿನಿಂದಲೇ ಇದೆ. ಫಲಕಗಳ ಇಂದಿನ ಚರ್ಚೆಯಲ್ಲಿ ಈ ಪ್ರಶ್ನೆಯನ್ನು ಮರೆಯುವಂತಿಲ್ಲ.

ಮೂರನೆಯ ಬಗೆಯದು ಹೊಸ್ತಿಲಿನ ಬರಹ. ಬೆಳಿಗ್ಗೆ ಹಾಕಿದ ರಂಗೋಲಿ ಸಂಜೆಯೊಳಗೆ ತುಳಿದು ಹೋಗುತ್ತದೆ. ಹಬ್ಬದ ತೋರಣ ಒಣಗಿದ ಮೇಲೆ ಇಳಿಯುತ್ತದೆ. ಕಟ್ಟುತ್ತಿರುವ ಮನೆಯ ಮುಂದೆ ತೂಗುವ ದೃಷ್ಟಿಗೊಂಬೆ ಗೃಹಪ್ರವೇಶದವರೆಗೆ ಇರುತ್ತದೆ. ದೃಷ್ಟಿಗೊಂಬೆಯ ಆಶಯ ವಿಶೇಷವಾದುದು. ನೋಟಕ್ಕೆ ಶಕ್ತಿಯಿದೆ, ಅದು ಮನೆಗೆ ತಾಗಬಾರದು, ಆದ್ದರಿಂದ ದಾರಿಹೋಕರ ನೋಟ ಮೊದಲು ಗೊಂಬೆಯ ಮೇಲೆ ಬೀಳಲಿ ಎಂಬುದು ಜನಪದರ ನಂಬಿಕೆ. ನೋಟವನ್ನು ಸೆಳೆಯುವ ವಸ್ತುವನ್ನು ಮನೆಯ ರಕ್ಷಣೆಗಾಗಿ ನಿಲ್ಲಿಸಲಾಗುತ್ತಿತ್ತು. ಹೋರ್ಡಿಂಗ್ ಕೂಡ ದಾರಿಹೋಕರ ನೋಟವನ್ನು ಸೆಳೆಯಲೆಂದೇ ನಿಲ್ಲುತ್ತದೆ. ಆದರೆ ಅಲ್ಲಿ ಸೆಳೆದ ನೋಟವನ್ನು ಮಾರಲಾಗುತ್ತದೆ. ಎರಡರ ನಡುವಿನ ಈ ವ್ಯತ್ಯಾಸ ಮುಂದಿನ ಚರ್ಚೆಗೆ ಉಪಯುಕ್ತವಾದುದು.

ಪೇಟೆಯ ಹೆಸರು ಮತ್ತು ಅಂಗಡಿಯ ಬೋರ್ಡು

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆನ್ನಲಾದ ಪೇಟೆಯಲ್ಲಿ ಬೀದಿಗಳ ಹೆಸರೇ ಫಲಕದ ಕೆಲಸ ಮಾಡುತ್ತಿತ್ತು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ, ತರಗುಪೇಟೆ ಎಂಬ ಹೆಸರುಗಳು ಅಲ್ಲಿ ದೊರೆಯುವ ಸರಕನ್ನೋ ಅಲ್ಲಿ ನೆಲೆಸಿದ ಕಸುಬಿನವರನ್ನೋ ಸಾರುತ್ತಿದ್ದವು. ಯಾವ ಬೀದಿಗೆ ಹೋಗಬೇಕೆಂದು ತಿಳಿದವನಿಗೆ ಅಂಗಡಿಯ ಹೆಸರು ಬೇಕಾಗುತ್ತಿರಲಿಲ್ಲ. ಬೀದಿಗಳಲ್ಲಿ ಸರಕು ಬೆರೆತು, ಒಂದೇ ವ್ಯಾಪಾರದ ಅಂಗಡಿಗಳು ಊರಿನ ತುಂಬ ಹರಡಿದ ಮೇಲೆ ಅಂಗಡಿಗೊಂದು ಹೆಸರು, ಆ ಹೆಸರಿಗೊಂದು ಬೋರ್ಡು ಅಗತ್ಯವಾದವು.

ಬೋರ್ಡು ಬರೆಯುವ ಕಸುಬು ಇಪ್ಪತ್ತನೆಯ ಶತಮಾನದ ನಗರ ಜಾನಪದದ ಒಂದು ಮುಖ್ಯ ಶಾಖೆ. ತಗಡಿಗೆ ಅಸ್ತರಿ ಬಳಿದು ಒಣಗಿಸಿ, ಬಣ್ಣದ ಪುಡಿ ಹಚ್ಚಿದ ದಾರವನ್ನು ಎರಡು ಕಡೆ ಬಿಗಿಹಿಡಿದು ಮೀಟಿ ಗೆರೆ ಮೂಡಿಸಿ, ಸೀಮೆಸುಣ್ಣದಿಂದ ಅಕ್ಷರಗಳ ಅಂದಾಜು ಗುರುತಿಸಿ, ಬಳಿಕ ಎನಾಮೆಲ್ ಬಣ್ಣದಲ್ಲಿ ತುಂಬುವುದು ಅದರ ಕ್ರಮ. ಈ ಕಲೆ ಶಾಲೆಯಲ್ಲಿ ಕಲಿತದ್ದಲ್ಲ. ಗುರುವಿನ ಬಳಿ ಡಬ್ಬಿ ತೊಳೆಯುವುದರಿಂದ ಆರಂಭಿಸಿ, ಹಿನ್ನೆಲೆ ಬಳಿಯುವುದನ್ನು ಕಲಿತು, ಕೊನೆಗೆ ಅಕ್ಷರಕ್ಕೆ ಕೈಹಾಕುವ ಪರಂಪರೆ ಅದು. ಕನ್ನಡದ ಅಕ್ಷರಗಳಿಗೆ ಮೇಲೆ ತಲೆಕಟ್ಟು, ಗುಡಿಸುಗಳೂ ಕೆಳಗೆ ಒತ್ತಕ್ಷರಗಳೂ ಇರುವುದರಿಂದ ಸಾಲಿನ ಎತ್ತರ ಹೆಚ್ಚು ಬೇಕು. ಇಂಗ್ಲಿಷ್ ಸಾಲಿನ ಅಳತೆಗೆ ಕನ್ನಡವನ್ನು ಕೂರಿಸಿದರೆ ಒತ್ತಕ್ಷರ ಮುದ್ದೆಯಾಗುತ್ತದೆ. ಅನುಭವಿ ಕಲಾವಿದ ರಸ್ತೆಯ ಆಚೆ ಬದಿಗೆ ಹೋಗಿ ನಿಂತು, ಅಲ್ಲಿಂದ ಓದಲು ಬರುತ್ತದೆಯೇ ಎಂದು ನೋಡಿಕೊಂಡು ಅಕ್ಷರವನ್ನು ತಿದ್ದುತ್ತಿದ್ದ. ಬೋರ್ಡಿನ ಮೂಲೆಯಲ್ಲಿ ಸಣ್ಣದಾಗಿ ತನ್ನ ಹೆಸರನ್ನೋ ತನ್ನ ಅಂಗಡಿಯ ಹೆಸರನ್ನೋ ಬರೆಯುತ್ತಿದ್ದ. ಶಾಸನದ ರೂವಾರಿಯ ಹೆಸರಿನಂತೆ ಇದೂ ಹೊಣೆಯ ಗುರುತು. ಅಕ್ಷರದ ತಿರುವನ್ನು ನೋಡಿಯೇ ಇದು ಯಾರ ಕೈ ಎಂದು ಹೇಳಬಲ್ಲವರು ಪೇಟೆಯಲ್ಲಿದ್ದರು.

ದಂಡಿನ ಪ್ರದೇಶದಲ್ಲಿ ಇಂಗ್ಲಿಷ್, ಪೇಟೆಯಲ್ಲಿ ಕನ್ನಡ, ಶಿವಾಜಿನಗರದ ಕಡೆ ಉರ್ದು ಮತ್ತು ತಮಿಳು ಹೀಗೆ ಬೋರ್ಡುಗಳ ಲಿಪಿಯೇ ನಗರದ ಒಳಗಿನ ಎಲ್ಲೆಗಳನ್ನು ತೋರುತ್ತಿತ್ತು. 1809ರಲ್ಲಿ ಸ್ಥಾಪನೆಯಾದ ದಂಡುಪ್ರದೇಶವೂ ಹಳೆಯ ನಗರವೂ 1949ರಲ್ಲಿ ಒಂದೇ ಪಾಲಿಕೆಯಡಿ ಸೇರಿದರೂ ಬೋರ್ಡುಗಳ ಭಾಷೆ ಬೇಗ ಬದಲಾಗಲಿಲ್ಲ. ಗೋಕಾಕ್ ವರದಿಯ ಜಾರಿಗಾಗಿ 1982ರಲ್ಲಿ ನಡೆದ ಚಳವಳಿಯ ಬಳಿಕ ನಾಮಫಲಕದಲ್ಲಿ ಕನ್ನಡದ ಸ್ಥಾನ ಸಾರ್ವಜನಿಕ ಬೇಡಿಕೆಯಾಗಿ ಬಲಗೊಂಡಿತು. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ನಾಮಫಲಕ ಪ್ರತಿಭಟನೆ ಮತ್ತು 2024ರ ತಿದ್ದುಪಡಿ ಕಾಯಿದೆ ವಿಧಿಸಿದ ಶೇ. 60ರ ಕನ್ನಡದ ನಿಯಮ ಆ ಬೇಡಿಕೆಯ ಮುಂದುವರಿಕೆಗಳು. ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಕಾನೂನು ಫಲಕದ ವಿಸ್ತೀರ್ಣವನ್ನು ಅಳೆಯುತ್ತದೆ, ಬೋರ್ಡಿನ ಕಲಾವಿದ ಓದುವವರ ದೂರವನ್ನು ಅಳೆಯುತ್ತಿದ್ದ. ಗಣಕದಲ್ಲಿ ಎಳೆದು ಹಿಗ್ಗಿಸಿದ, ಒತ್ತಕ್ಷರ ತಪ್ಪಿದ ಕನ್ನಡ ಶೇ. 60ರಷ್ಟು ಜಾಗವನ್ನು ಪಡೆದರೂ ಊರಿನ ಚಹರೆಗೆ ಅದು ನೀಡುವುದು ಅಲ್ಪ.

ಚಿತ್ರಮಂದಿರ ಮತ್ತು ಕಟೌಟ್

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಸಿನಿಮಾದ ಪ್ರಚಾರ ಡಂಗುರದ ದಾರಿಯನ್ನೇ ಹಿಡಿಯಿತು. ಎತ್ತಿನ ಗಾಡಿಗೋ ಜಟಕಾ ಗಾಡಿಗೋ ಎರಡೂ ಬದಿಯಲ್ಲಿ ಚಿತ್ರಪಟ ಕಟ್ಟಿ, ತಮಟೆ ಬಡಿಸುತ್ತ, ಕರಪತ್ರ ಎಸೆಯುತ್ತ ಊರೂರು ಸುತ್ತುವುದು ಟೂರಿಂಗ್ ಟಾಕೀಸುಗಳ ಕಾಲದಲ್ಲಿ ಸಾಮಾನ್ಯ ದೃಶ್ಯವಾಗಿತ್ತು. ನಾಟಕ ಕಂಪನಿಗಳು ರೂಢಿಸಿದ್ದ ಈ ಕ್ರಮವನ್ನು ಸಿನಿಮಾ ಮುಂದುವರಿಸಿತು.

ಕೆಂಪೇಗೌಡ ರಸ್ತೆ ಮತ್ತು ಗಾಂಧಿನಗರದ ಸುತ್ತ ಚಿತ್ರಮಂದಿರಗಳು ಒತ್ತೊತ್ತಾಗಿ ಬೆಳೆದ ಮೇಲೆ ಕಟೌಟ್ ಆ ಪ್ರದೇಶದ ಗುರುತಾಯಿತು. ಅಂಗೈ ಅಗಲದ ಛಾಯಾಚಿತ್ರದ ಮೇಲೆ ಚೌಕಗಳನ್ನು ಎಳೆದು, ಅದೇ ಲೆಕ್ಕದಲ್ಲಿ ದೊಡ್ಡ ಚೌಕಗಳಿಗೆ ಹಿಗ್ಗಿಸಿ, ಪ್ಲೈವುಡ್ ಹಲಗೆಗಳ ಮೇಲೆ ತುಂಡುತುಂಡಾಗಿ ಚಿತ್ರಿಸಿ, ಸರ್ವೆ ಮರದ ಅಟ್ಟಣಿಗೆಗೆ ಬಿಗಿದು ಎಬ್ಬಿಸುವುದು ಅದರ ವಿಧಾನ. ಹತ್ತಿರದಿಂದ ಬರಿಯ ಬಣ್ಣದ ಮೆತ್ತಿಗೆಯಾಗಿ ಕಾಣುವ ಕೆನ್ನೆ, ದೂರದಿಂದ ಡಾ. ರಾಜ್‌ಕುಮಾರ್ ಅವರ ನಗುವಾಗಿ ಕಾಣುವಂತೆ ಮಾಡುವುದು ಬಹಳ ಪಳಗಿದ ಕೈಗಳ ಕೆಲಸ.

ಕಟೌಟ್‌ಗೆ ಹಾರ ಹಾಕುವುದು, ಹಾಲಿನ ಅಭಿಷೇಕ ಮಾಡುವುದು, ಬಿಡುಗಡೆಯ ದಿನ ಅದರ ಮುಂದೆ ಕುಣಿಯುವುದು ಇವನ್ನು ಅಭಿಮಾನದ ಅತಿರೇಕ ಎಂದು ತಳ್ಳಿಹಾಕುವುದು ಸುಲಭ. ಆದರೆ ಜಾತ್ರೆಯ ಸಂಪ್ರದಾಯವನ್ನು ಬಲ್ಲವರಿಗೆ ಇದರ ಮೂಲ ಹೊಳೆಯದಿರದು. ದಕ್ಷಿಣ ಕರ್ನಾಟಕದ ಉತ್ಸವಗಳಲ್ಲಿ ಬಿದಿರಿನ ತಟ್ಟಿಯಿಂದ ಕಟ್ಟಿ ಹೊತ್ತು ಕುಣಿಸುವ ತಟ್ಟಿರಾಯನೆಂಬ ಆಳೆತ್ತರವನ್ನು ಮೀರಿದ ಆಕೃತಿ ಮಾನವರೂಪವನ್ನು ಹಿಗ್ಗಿಸಿ ಸಂಭ್ರಮಿಸುವ ಪರಂಪರೆಗೆ ಸೇರಿದುದು. ಉತ್ಸವ ಮುಗಿದ ಮೇಲೆ ಅಂಥ ಆಕೃತಿ ಬೀದಿಯಲ್ಲಿ ಉಳಿಯುವುದಿಲ್ಲ. ಕಟೌಟ್ ಸಹ ಚಿತ್ರದ ಓಟ ಮುಗಿದೊಡನೆ ಇಳಿಯುತ್ತಿತ್ತು. ಅದೇ ಹಲಗೆಯ ಮೇಲೆ ಮತ್ತೊಂದು ಮುಖ ಮೂಡುತ್ತಿತ್ತು. ಆ ಚಿತ್ರ ನಡೆಯುವ ಮಂದಿರದ ಎದುರಿನಲ್ಲೇ ಅದು ನಿಂತಿರುತ್ತಿತ್ತು. ಗಾತ್ರದಲ್ಲಿ ಯಾವ ಹೋರ್ಡಿಂಗಿಗೂ ಕಡಿಮೆಯಿಲ್ಲದ ಕಟೌಟ್ ನಗರದ ಚಹರೆಯನ್ನು ಕೆಡಿಸಿತೆಂಬ ಭಾವನೆ ಜನರಲ್ಲಿ ಬೆಳೆಯಲಿಲ್ಲ. ಮೆಜೆಸ್ಟಿಕ್ಕಿನ ಹೆಸರೆತ್ತಿದೊಡನೆ ಕಟೌಟುಗಳು ನೆನಪಾಗುವುದು ಇದಕ್ಕೆ ಸಾಕ್ಷಿ. ಆದ್ದರಿಂದ ದೊಡ್ಡ ಗಾತ್ರವೇ ದೋಷ, ವಾಣಿಜ್ಯವೇ ದೋಷ ಎಂಬ ವಾದ ನಿಲ್ಲುವುದಿಲ್ಲ.

ಹೋರ್ಡಿಂಗ್: ನೋಟದ ಗುತ್ತಿಗೆ

ಹೋರ್ಡಿಂಗ್ ಮೇಲಿನ ಎಲ್ಲ ಬಗೆಗಳಿಗಿಂತ ಭಿನ್ನವಾದುದು. ಅದರ ಮೇಲಿನ ಸರಕು ಅದು ನಿಂತ ಸ್ಥಳದಲ್ಲಿ ದೊರೆಯಬೇಕಾಗಿಲ್ಲ. ಅದರ ಕೆಳಗಿನ ಅಂಗಡಿಗೂ ಹಿಂದಿನ ಮನೆಗೂ ಮುಂದಿನ ಮರಕ್ಕೂ ಅದಕ್ಕೆ ಸಂಬಂಧವಿಲ್ಲ. ದಿನಕ್ಕೆ ಎಷ್ಟು ವಾಹನಗಳು ಹಾದುಹೋಗುತ್ತವೆ, ಸಂಕೇತದೀಪದ ಬಳಿ ಎಷ್ಟು ಹೊತ್ತು ನಿಲ್ಲುತ್ತವೆ, ಎಷ್ಟು ದೂರದಿಂದ ಕಾಣುತ್ತದೆ ಎಂಬುದರ ಮೇಲೆ ಅದರ ಬೆಲೆ ನಿಗದಿಯಾಗುತ್ತದೆ. ಮುಂಬೈಯಲ್ಲಿ, ದೆಹಲಿಯಲ್ಲಿ, ಬೆಂಗಳೂರಿನಲ್ಲಿ ಒಂದೇ ದಿನ ಒಂದೇ ಚಿತ್ರ ಏರುತ್ತದೆ. ಸ್ಥಳ ಇಲ್ಲಿ ಕೇವಲ ಜಾಗವಾಗಿ ಉಳಿಯುತ್ತದೆ. ಚಿತ್ರ ಬದಲಾಗುತ್ತಿದ್ದರೂ ಚೌಕಟ್ಟು ವರ್ಷಾನುಗಟ್ಟಲೆ ನಿಲ್ಲುತ್ತದೆ. ಹೊಣೆಯೂ ಹರಿದು ಹಂಚಿಹೋಗುತ್ತದೆ. ಕಟ್ಟಡದ ಮಾಲೀಕ, ಜಾಹೀರಾತು ಸಂಸ್ಥೆ, ಸರಕಿನ ಕಂಪನಿ, ಪರವಾನಗಿ ಕೊಟ್ಟ ಅಧಿಕಾರಿ ಇವರಲ್ಲಿ ಯಾರನ್ನು ಕೇಳಬೇಕೆಂದು ದಾರಿಹೋಕನಿಗೆ ತಿಳಿಯುವುದಿಲ್ಲ.

ಹೊಣೆ ಹರಿದಾಗ ಆಗುವ ಅನಾಹುತಕ್ಕೆ ಮುಂಬೈನ ಘಾಟ್‌ಕೋಪರ್ ಘಟನೆ ನಿದರ್ಶನ. 2024ರ ಮೇ 13ರ ಗಾಳಿಮಳೆಗೆ ಅಲ್ಲಿ 120 ಅಡಿ ಅಗಲ, 120 ಅಡಿ ಎತ್ತರದ ಹೋರ್ಡಿಂಗ್ ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಜನ ಪ್ರಾಣ ಕಳೆದುಕೊಂಡರು. ಅಲ್ಲಿಯ ಪಾಲಿಕೆಯ ಮಿತಿ ಇದ್ದದ್ದು 40 ಅಡಿ. ಬೆಂಗಳೂರಿನಲ್ಲಿ ಹಾನಿ ಬೇರೆ ರೂಪದಲ್ಲಿ ಕಾಣಿಸಿತು. ಫಲಕಕ್ಕೆ ಅಡ್ಡವಾದ ರಸ್ತೆಬದಿಯ ಮರಗಳ ಕೊಂಬೆ ಕಡಿಯುವುದು, ಬುಡಕ್ಕೆ ರಾಸಾಯನಿಕ ಸುರಿಯುವುದು ಹಲವು ಬಾರಿ ವರದಿಯಾಯಿತು. 2019ರಲ್ಲಿ ಮಾರತ್ತಹಳ್ಳಿ ಕಡೆಯ ಹೊರವರ್ತುಲ ರಸ್ತೆಯ ಮರಗಳಿಗೆ ಆಮ್ಲ ಹಾಕಿದ ಪ್ರಕರಣ ಸಾರ್ವಜನಿಕರ ಆಕ್ರೋಶಕ್ಕೆ ಕಾರಣವಾಯಿತು. ಸಾಲುಮರಗಳಿಗೆ ಹೆಸರಾದ ಊರಿನಲ್ಲಿ ಮರವೇ ಫಲಕಕ್ಕೆ ಅಡ್ಡಿಯೆನಿಸಿದ್ದು ಚಹರೆಯ ಪ್ರಶ್ನೆಗೆ ನೇರವಾದ ಉತ್ತರ.

ಫಲಕಗಳೇ ಚಹರೆಯಾದ ಸ್ಥಳಗಳೂ ಜಗತ್ತಿನಲ್ಲಿ ಇಲ್ಲದಿಲ್ಲ. ಲಂಡನ್ನಿನ ಪಿಕಾಡಿಲಿ ಸರ್ಕಸ್‌ನಲ್ಲಿ 1908ರಿಂದ ದೀಪದ ಜಾಹೀರಾತುಗಳಿವೆ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಕಟ್ಟಡಗಳ ಮೇಲೆ ಬೆಳಗುವ ಫಲಕಗಳು ಇರಲೇಬೇಕೆಂಬ ನಿಯಮವೇ ಇದೆ. ಅಲ್ಲಿ ಫಲಕಗಳ ದಟ್ಟಣೆಯನ್ನು ನೋಡಲೆಂದೇ ಜನ ಬರುತ್ತಾರೆ. ಆದರೆ ಅವು ಊರಿನ ಒಂದು ಮೂಲೆಗೆ ಸೀಮಿತವಾಗಿ, ಶತಮಾನದ ರೂಢಿಯಿಂದ ಆ ಮೂಲೆಯ ಗುಣವಾಗಿ ಬೆಳೆದವು. ಇದಕ್ಕೆ ವಿರುದ್ಧವಾಗಿ ಬ್ರೆಜಿಲಿನ ಸಾವೊ ಪಾಲೊ ನಗರ 2007ರ ಆರಂಭದಿಂದ ಹೊರಾಂಗಣ ಜಾಹೀರಾತುಗಳನ್ನು ಸಂಪೂರ್ಣವಾಗಿ ನಿಷೇಧಿಸಿ, ಸುಮಾರು 15,000 ಫಲಕಗಳನ್ನು ತೆಗೆಸಿತು. ಫಲಕಗಳು ಮರೆಮಾಡಿದ್ದ ಹಳೆಯ ಕಟ್ಟಡಗಳ ಜೊತೆಗೆ ಬಡವರ ವಸತಿಗಳೂ ಅಲ್ಲಿ ಕಣ್ಣಿಗೆ ಬಿದ್ದವು. ಫಲಕ ಮಾತನಾಡುವುದಷ್ಟೇ ಅಲ್ಲ, ಮುಚ್ಚಿಡುವ ಕೆಲಸವನ್ನೂ ಮಾಡುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಫ್ಲೆಕ್ಸ್: ಅಲ್ಪಕಾಲದ ವೀರಗಲ್ಲು

1990ರ ದಶಕದ ಕೊನೆಯಲ್ಲಿ ಬಂದು 2000ದ ನಂತರ ವೇಗವಾಗಿ ಹಬ್ಬಿದ ಫ್ಲೆಕ್ಸ್ ಮುದ್ರಣ ಎರಡು ಪರಿಣಾಮಗಳನ್ನು ಉಂಟುಮಾಡಿತು. ಮೊದಲನೆಯದಾಗಿ, ಬೋರ್ಡು ಮತ್ತು ಬ್ಯಾನರ್ ಬರೆಯುವವರ ಕಸುಬು ಕುಸಿಯಿತು. ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಯಂತ್ರ ಗಂಟೆಗಳಲ್ಲಿ ಮುಗಿಸಿತು. 2009ರ ಸುಮಾರಿನಲ್ಲಿ ಪಾಲಿಕೆಯು ನಗರದ ಸಾರ್ವಜನಿಕ ಗೋಡೆಗಳ ಮೇಲೆ ಹಂಪಿಯ ಕಲ್ಲಿನ ರಥ, ಜೋಗ ಜಲಪಾತ, ಯಕ್ಷಗಾನ, ವನ್ಯಜೀವಿಗಳ ಚಿತ್ರಗಳನ್ನು ಬರೆಸಿದಾಗ ಹೀಗೆ ಕೆಲಸ ಕಳೆದುಕೊಂಡ ಸಿನಿಮಾ ಬ್ಯಾನರ್ ಕಲಾವಿದರಿಗೆ ಕೊಂಚ ಕಾಲ ಕುಂಚ ಹಿಡಿಯುವ ಅವಕಾಶ ದೊರೆಯಿತು. ಗೋಡೆಗಳಿಗೆ ಭಿತ್ತಿಪತ್ರ ಅಂಟಿಸುವುದನ್ನು ತಡೆಯುವ ಉದ್ದೇಶವೂ ಅದಕ್ಕಿತ್ತು. ಆ ಚಿತ್ರಗಳ ಕಲಾತ್ಮಕತೆಯ ಬಗ್ಗೆ ಭಿನ್ನಾಭಿಪ್ರಾಯಗಳಿದ್ದರೂ ಕೈಕಸುಬಿನ ಒಂದು ಪರಂಪರೆ ಕೊನೆಯ ಬಾರಿಗೆ ಇಡೀ ನಗರಕ್ಕೆ ಕಾಣಿಸಿಕೊಂಡದ್ದು ಅಲ್ಲಿ.

ಎರಡನೆಯ ಪರಿಣಾಮ ಇದಕ್ಕಿಂತ ಸಂಕೀರ್ಣವಾದುದು. ಕಡಿಮೆ ಖರ್ಚಿನ ಫ್ಲೆಕ್ಸ್, ಹಿಂದೆ ಎಂದೂ ಬಯಲಿನಲ್ಲಿ ಹೆಸರು ಕಾಣದ ಜನರಿಗೂ ಬರೆಯುವ ಅವಕಾಶ ನೀಡಿತು. ಆಟೋ ನಿಲ್ದಾಣದ ಗೆಳೆಯರ ಬಳಗ, ಬಡಾವಣೆಯ ಯುವಕ ಸಂಘ, ಅಣ್ಣಮ್ಮದೇವಿ ಉತ್ಸವ ಸಮಿತಿ, ರಾಜ್ಯೋತ್ಸವದ ಕನ್ನಡ ಸಂಘಗಳು ತಮ್ಮ ಬೀದಿಯಲ್ಲಿ ತಮ್ಮ ಮುಖಗಳನ್ನು ತಾವೇ ನಿಲ್ಲಿಸಿಕೊಂಡವು. ಇವುಗಳಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಜಾನಪದ ಅಧ್ಯಯನಕ್ಕೆ ಅತ್ಯಂತ ಮಹತ್ವದ್ದು. ನಡುವೆ ತೀರಿಕೊಂಡವರ ಭಾವಚಿತ್ರ, ಹಿಂದೆ ಮೋಡ ಅಥವಾ ಬೆಳಕಿನ ಕಿರಣ, ಬದಿಯಲ್ಲಿ ಉರಿಯುವ ದೀಪ, ಮೇಲೆ ಮನೆದೇವರು, ಕೆಳಗೆ ಜನನ ಮತ್ತು ಮರಣದ ದಿನಾಂಕ, ಕೊನೆಯ ಸಾಲಿನಲ್ಲಿ ದುಃಖತಪ್ತ ಕುಟುಂಬವರ್ಗ ಹಾಗೂ ಬೀದಿಯ ನಿವಾಸಿಗಳು. ನೆಲದಿಂದ ದೇವಸನ್ನಿಧಿಯವರೆಗಿನ ವೀರಗಲ್ಲಿನ ವಿನ್ಯಾಸ ಇಲ್ಲಿ ಬೇರೊಂದು ರೂಪದಲ್ಲಿ ಮರಳಿದೆ. ಇದನ್ನು ವಿನ್ಯಾಸಗೊಳಿಸಿದವರು ವೀರಗಲ್ಲನ್ನು ನೋಡಿ ಮಾಡಿದರೆಂದು ಇದರ ಅರ್ಥವಲ್ಲ. ತಮ್ಮವರ ಸಾವನ್ನು ಊರ ಮುಂದೆ ಇಡಬೇಕೆಂಬ ಹಂಬಲ ಒಂದೇ ಬಗೆಯದಾದ್ದರಿಂದ ರೂಪವೂ ಸಮೀಪಿಸಿದೆ. ಬಡಾವಣೆಯ ಹೂವಿನ ಅಜ್ಜಿಯೊಬ್ಬಳು ತೀರಿಕೊಂಡಾಗ ಅವಳು ಕೂರುತ್ತಿದ್ದ ಕಟ್ಟೆಯ ಮೇಲೆಯೇ ಏಳುವ ಎರಡು ಅಡಿಯ ಫ್ಲೆಕ್ಸ್ ಸ್ಥಳಕ್ಕೂ ಹೆಸರಿಗೂ ಬದ್ಧವಾದ ಬರಹ. ಕಲ್ಲು ಅವಳಿಗೆ ಎಂದೂ ದೊರೆಯುತ್ತಿರಲಿಲ್ಲ.

ಆದರೆ ಫ್ಲೆಕ್ಸ್ ಅವಧಿಯ ಕಟ್ಟುಪಾಡನ್ನು ಮುರಿಯಿತು. ಪ್ಲಾಸ್ಟಿಕ್ ಆದ್ದರಿಂದ ಅದು ಒಣಗಿ ಉದುರುವುದಿಲ್ಲ, ಕರಗುವುದಿಲ್ಲ. ಹುಟ್ಟುಹಬ್ಬ ಮುಗಿದು ತಿಂಗಳಾದರೂ ಶುಭ ಕೋರುವವರ ಮುಖಗಳು ಕಂಬಕ್ಕೆ ಜೋತಾಡುತ್ತಿರುತ್ತವೆ. ಅಧಿಕಾರ ಮತ್ತು ಹಣ ಉಳ್ಳವರು ಪಾದಚಾರಿ ಮಾರ್ಗವನ್ನೂ ತಿರುವುಗಳನ್ನೂ ಆಕ್ರಮಿಸಿದರು. ಚೆನ್ನೈಯಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ರಾಜಕೀಯ ಪಕ್ಷದ ಮುಖಂಡರೊಬ್ಬರ ಮನೆಯ ಮದುವೆಗೆ ಕಟ್ಟಿದ್ದ ಬ್ಯಾನರ್ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ಯುವತಿಯ ಮೇಲೆ ಬಿದ್ದು, ಆಕೆ ಹಿಂದಿನಿಂದ ಬಂದ ನೀರಿನ ಟ್ಯಾಂಕರಿಗೆ ಸಿಕ್ಕಿ ಸಾವನ್ನಪ್ಪಿದಳು. ಸಂಭ್ರಮದ ಬರಹವೂ ಹೊಣೆ ತಪ್ಪಿದಾಗ ಪ್ರಾಣ ತೆಗೆಯಬಲ್ಲದು.

ಕಾನೂನಿನ ದಾರಿ

ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರಲ್ಲೇ ಕಾಯಿದೆ ರೂಪುಗೊಂಡಿತು. ಆರು ತಿಂಗಳವರೆಗಿನ ಸೆರೆವಾಸ ಅಥವಾ ಸಾವಿರ ರೂಪಾಯಿವರೆಗಿನ ದಂಡ, ಇಲ್ಲವೇ ಎರಡನ್ನೂ ಅದು ವಿಧಿಸುತ್ತದೆ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಆದೇಶದಲ್ಲಿ ಫ್ಲೆಕ್ಸ್ ಮತ್ತು ಬ್ಯಾನರುಗಳೂ ಸೇರಿದ್ದವು. ಇವೆರಡೂ ಇದ್ದಾಗಲೂ ಫಲಕಗಳು ಹೆಚ್ಚುತ್ತಲೇ ಹೋದವು. 2018ರ ಆಗಸ್ಟ್ ಮೊದಲ ವಾರದಲ್ಲಿ ಉಚ್ಚ ನ್ಯಾಯಾಲಯ ಕಠಿಣವಾಗಿ ಆದೇಶಿಸಿದ ಮೇಲೆ ಕೆಲವೇ ದಿನಗಳಲ್ಲಿ ನಗರದ ಫ್ಲೆಕ್ಸ್‌ಗಳು ಮಾಯವಾದವು. ಅದರ ಬೆನ್ನಲ್ಲೇ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹೋರ್ಡಿಂಗುಗಳನ್ನು ನಿಷೇಧಿಸುವ ನಿರ್ಣಯ ಕೈಗೊಂಡಿತು. ಬರಹ ಇಳಿದ ಮೇಲೂ ಬಹಳ ಕಡೆ ಬರಿಯ ಕಬ್ಬಿಣದ ಚೌಕಟ್ಟುಗಳು ನಿಂತೇ ಇದ್ದವು. 2024ರಲ್ಲಿ ಜಾಹೀರಾತಿಗೆ ಮತ್ತೆ ಅವಕಾಶ ನೀಡುವ ಕರಡು ನಿಯಮಗಳನ್ನು ಸರ್ಕಾರ ಪ್ರಕಟಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರ ಪಾಲಿಕೆಗಳೂ ಬಂದ ಮೇಲೆ ಈ ಪ್ರಶ್ನೆ ಹೊಸ ಆಡಳಿತದ ಮುಂದೆ ಬಂದಿದೆ.

2018ರ ಕ್ರಮದಿಂದ ನಗರದ ಆಕಾಶ ಮತ್ತು ಮರಗಳು ಮತ್ತೆ ಕಂಡವು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದರ ಫಲ ಎಲ್ಲರಿಗೂ ಸಮನಾಗಿರಲಿಲ್ಲ. ಖಾಸಗಿ ಸಹಭಾಗಿತ್ವದ ಒಪ್ಪಂದದಲ್ಲಿ ಕಟ್ಟಿದ ಬಸ್ ತಂಗುದಾಣಗಳು, ಪಾದಚಾರಿ ಮೇಲ್ಸೇತುವೆಗಳ ಮೇಲೆ ಜಾಹೀರಾತು ಮುಂದುವರಿಯಿತು. ನಿಷೇಧದ ಅಕ್ಷರಶಃ ಪಾಲನೆಯಲ್ಲಿ ಹೂವಿನ ಅಜ್ಜಿಯ ಫ್ಲೆಕ್ಸೂ ಅಪರಾಧ, ಒಪ್ಪಂದದ ಬಲವಿರುವ ಸೋಪಿನ ಜಾಹೀರಾತು ಸಕ್ರಮ. ಸ್ಥಳಕ್ಕೆ ಸೇರಿದ ಬರಹ ಇಳಿದು, ಸ್ಥಳಕ್ಕೆ ಸೇರದ ಬರಹ ಉಳಿಯುವ ಈ ವಿಪರ್ಯಾಸಕ್ಕೆ ಕಾರಣ, ಕಾನೂನು ಫಲಕದ ವಸ್ತುವನ್ನೂ ಅಳತೆಯನ್ನೂ ಪರವಾನಗಿಯನ್ನೂ ನೋಡುತ್ತದೆಯೇ ಹೊರತು ಊರಿನೊಂದಿಗೆ ಅದಕ್ಕಿರುವ ನಂಟನ್ನು ನೋಡದಿರುವುದು.

ಉಪಸಂಹಾರ

ಮೇಲಿನ ವಿವೇಚನೆಯಿಂದ, ಫಲಕ ನಗರದ ಚಹರೆಗೆ ಪೂರಕವೋ ಮಾರಕವೋ ಎಂಬ ಪ್ರಶ್ನೆಗೆ ಎಲ್ಲ ಫಲಕಗಳಿಗೂ ಅನ್ವಯಿಸುವ ಒಂದೇ ಉತ್ತರವಿಲ್ಲವೆಂದು ತಿಳಿಯುತ್ತದೆ. ನಿಂತ ಸ್ಥಳದ ವಿಷಯವನ್ನು ಹೇಳುವ, ಹೇಳಿ ಮುಗಿದ ಮೇಲೆ ಇಳಿಯುವ, ನಿಲ್ಲಿಸಿದವರ ಹೆಸರನ್ನು ಹೊತ್ತ ಬರಹ ಊರಿನ ಚಹರೆಯ ಭಾಗವೇ ಆಗುತ್ತದೆ. ಕೈಬರಹದ ಬೋರ್ಡು, ಕಟೌಟ್, ಬೀದಿಯ ಶ್ರದ್ಧಾಂಜಲಿ ಈ ಸಾಲಿನವು. ಈ ಮೂರು ನಂಟುಗಳನ್ನೂ ಕಡಿದುಕೊಂಡ ಹೋರ್ಡಿಂಗ್ ಎಷ್ಟೇ ಸುಂದರವಾಗಿದ್ದರೂ ಊರನ್ನು ಮರೆಮಾಡುತ್ತದೆ.

ಹೊಸ ನಿಯಮಗಳನ್ನು ರೂಪಿಸುವವರು ಈ ವ್ಯತ್ಯಾಸವನ್ನು ಪರಿಗಣಿಸಬಹುದು. ಅಂಗಡಿಯ ಬೋರ್ಡು ಬರೆಯುವ ಕಲಾವಿದರಿಗೆ ಪಾಲಿಕೆಗಳ ನಾಮಫಲಕಗಳ ಕೆಲಸ ನೀಡಬಹುದು. ಪ್ರತಿ ಬಡಾವಣೆಯಲ್ಲಿ ಹಬ್ಬ, ಸಾವು, ಸಭೆಗಳ ಸುದ್ದಿಗಾಗಿ ಬಟ್ಟೆ ಅಥವಾ ಕಾಗದದ ಬರಹಕ್ಕೆ ಒಂದು ಗೋಡೆಯನ್ನು ಮೀಸಲಿಟ್ಟು, ಇಷ್ಟು ದಿನವೆಂಬ ಗಡುವನ್ನು ಗೊತ್ತುಪಡಿಸಬಹುದು. ಬಾಡಿಗೆಯ ಹೋರ್ಡಿಂಗ್ ಇರಲೇಬೇಕೆಂದಾದರೆ ಅದನ್ನು ಕೆಲವೇ ವಾಣಿಜ್ಯ ಪ್ರದೇಶಗಳಿಗೆ ಸೀಮಿತಗೊಳಿಸಿ, ಹೊಣೆಗಾರರ ಹೆಸರು ನೆಲದಿಂದಲೇ ಓದುವಂತಿರಬೇಕೆಂದು ವಿಧಿಸಬಹುದು. ಹೀಗೆ ಮಾಡಿದರೆ ಬಯಲಿನಲ್ಲಿ ಬರೆಯುವ ಹಕ್ಕು ಹಣವುಳ್ಳವರಿಗಷ್ಟೇ ಉಳಿಯುವುದು ತಪ್ಪುತ್ತದೆ.

ಹೋರ್ಡಿಂಗುಗಳು ಇಳಿದ 2018ರಲ್ಲೇ ಬಳ್ಳಾರಿ ರಸ್ತೆಯ ಹೆಬ್ಬಾಳದಲ್ಲಿ ಕಾಮಗಾರಿಯೊಂದರ ವೇಳೆ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದಿತು. ಬೆಂಗಳೂರಿನಲ್ಲಿ ದೊರೆತಿರುವ ಅತಿ ಹಳೆಯ ಕನ್ನಡ ಬರಹಗಳಲ್ಲಿ ಅದು ಒಂದು. ಊರಿಗಾಗಿ ಹೋರಾಡಿ ಸತ್ತವನ ಹೆಸರನ್ನು ಸಾರುವ ಆ ಕಲ್ಲು ಮಣ್ಣಿನಡಿ ಮುಚ್ಚಿಹೋಗಿದ್ದಾಗ, ಅದೇ ರಸ್ತೆಯ ಇಕ್ಕೆಲಗಳಲ್ಲಿ ವಿಮಾನ ನಿಲ್ದಾಣಕ್ಕೆ ಹೋಗುವವರಿಗಾಗಿ ಹೋರ್ಡಿಂಗುಗಳು ನಿಂತಿದ್ದವು. ಸುತ್ತಲಿನ ಜನರೂ ಇತಿಹಾಸಾಸಕ್ತರೂ ಸೇರಿ ಆ ಕಲ್ಲನ್ನು ಉಳಿಸಿಕೊಂಡು, ಹೆಬ್ಬಾಳದಲ್ಲಿಯೇ ಅದಕ್ಕೊಂದು ನೆಲೆ ಒದಗಿಸಿದರು.